ದಡಕ್ಕೆ ಬಂದ ದೋಣಿ

ಸಿಂದಗಿ ತಾಲೂಕಿನ ಕನ್ನೊಳ್ಳಿಗೆ ಹೊಳೆ ಇಲ್ಲ. ಸುತ್ತ ಎರೆ ನೆಲ. ಬಿಳಿಜೋಳ, ಕಡಲೆ, ತೊಗರಿ. ಉತ್ತರಕ್ಕೆ ಹೋದರೆ ಭೀಮೆ, ದಕ್ಷಿಣಕ್ಕೆ ಹೋದರೆ ಕೃಷ್ಣೆ, ನಡುವೆ ಮಳೆ ಬಂದಾಗ ಮಾತ್ರ ಮೈದುಂಬುವ ಡೋಣಿ. ಇಂಥ ಊರಿನ ಬದಿಯ ರಸ್ತೆಯಲ್ಲಿ ದೋಣಿ ಕಂಡರೆ ಅದು ಚಕ್ರದ ಮೇಲೆ ಇರುತ್ತದೆ. ಭೀಮೆಗೆ ಮಹಾಪೂರ ಬಂದ ವರ್ಷ ಲಾರಿಯ ಮೇಲೋ, ಜೀಪಿನ ಹಿಂದೆ ಕಟ್ಟಿದ ಟ್ರೇಲರ್ ಮೇಲೋ ಕುಳಿತು ರಕ್ಷಣಾ ದೋಣಿಗಳು ಈ ದಾರಿಗಳಲ್ಲಿ ಹಾದು ಹೋಗುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಹೊಳೆಸಾಲಿನ ಹಳ್ಳಿಗಳಿಂದ ಜನರನ್ನು ಹೊರತರಲು ದೋಣಿಗಳೇ ಬೇಕಾದವು. ಅಂಥ ದೋಣಿ ನೀರಿನಲ್ಲಿ ಕಳೆಯುವುದು ವರ್ಷಕ್ಕೆ ಕೆಲವೇ ದಿನ. ಉಳಿದ ದಿನವೆಲ್ಲ ಅದು ನೆಲದ ಮೇಲೆ, ಕಬ್ಬಿಣದ ಚೌಕಟ್ಟಿಗೆ ಬಿಗಿದ ಎರಡು ಮರದ ಪಟ್ಟಿಗಳ ಮೇಲೆ ಕುಳಿತಿರುತ್ತದೆ.

ಆ ಎರಡು ಪಟ್ಟಿಗಳ ಬಗ್ಗೆ ಯಾರೂ ಬರೆಯುವುದಿಲ್ಲ. ದೋಣಿಯ ಇತಿಹಾಸವೆಂದರೆ ಅದು ನೀರಿನ ಮೇಲೆ ಸಾಗಿದ ಇತಿಹಾಸ ಎಂದೇ ನಾವು ತಿಳಿದಿದ್ದೇವೆ. ಆದರೆ ದೋಣಿ ಕೆಡುವುದು ಬಹುಪಾಲು ದಡದಲ್ಲಿ. ನೀರಿನಲ್ಲಿ ಅದರ ಭಾರವನ್ನು ಇಡೀ ತಳ ಸಮನಾಗಿ ಹೊತ್ತುಕೊಳ್ಳುತ್ತದೆ. ನೆಲಕ್ಕೆ ಬಂದ ಕೂಡಲೇ ಅದೇ ಭಾರ ಎರಡು ಮೂರು ಕಡೆ ಬಂದು ಕೂರುತ್ತದೆ. ಅಲ್ಲೇ ತಳ ಸವೆಯುತ್ತದೆ, ಅಲ್ಲೇ ಬಿರುಕು ಬಿಡುತ್ತದೆ, ಅಲ್ಲೇ ಒದ್ದೆ ನಿಂತು ಕೊಳೆಯುತ್ತದೆ. ದೋಣಿಯನ್ನು ನೆಲದ ಮೇಲೆ ಹೇಗೆ ಇಡಬೇಕು, ಹೇಗೆ ಸಾಗಿಸಬೇಕು, ಅದಕ್ಕೆ ತಾಗುವ ಭಾಗವನ್ನು ಯಾವಾಗ ಬದಲಿಸಬೇಕು ಎಂಬ ಪ್ರಶ್ನೆಗೆ ಕೃಷ್ಣಾ–ತುಂಗಭದ್ರೆಯ ಅಂಬಿಗರು ಶತಮಾನಗಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿದ್ದರು. ಅದು ಹರಿಗೋಲು.

ಹರಿಗೋಲನ್ನು ಕೆಲವೆಡೆ ತೆಪ್ಪ ಎನ್ನುತ್ತಾರೆ. ಸೀಳಿದ ಬಿದಿರ ಪಟ್ಟಿಗಳನ್ನು ನೆಲದ ಮೇಲೆ ಹಾಸಿ, ಜಾಲರಿಯಾಗಿ ಹೆಣೆದು, ನಡುವೆ ಕಲ್ಲು ಹೇರಿ, ಅಂಚುಗಳನ್ನು ಸುತ್ತಲೂ ಮೇಲಕ್ಕೆ ಬಾಗಿಸಿ ದುಂಡನೆಯ ಬುಟ್ಟಿ ಮಾಡುವುದು. ಅದರ ಹೊರಮೈಗೆ ದನದ ಅಥವಾ ಎಮ್ಮೆಯ ಚರ್ಮವನ್ನು ಹೊಲಿದು ಬಿಗಿಯುವುದು. ಮೊಳೆ ಇಲ್ಲ, ಕಬ್ಬಿಣ ಇಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನಲ್ಲಿ ಇದನ್ನು ಕಂಡು ಬೆರಗಾಗಿ ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುವ ದುಂಡು ದೋಣಿ, ನೆಟ್ಟಗೆ ಸಾಗದೆ ಸದಾ ಸುತ್ತುತ್ತಲೇ ಹೋಗುತ್ತದೆ, ಬೇಕೆಂದರೆ ಕುದುರೆ, ಎತ್ತುಗಳನ್ನೂ ಹತ್ತಿಸುತ್ತಾರೆ, ಆದರೆ ಅವು ಹೆಚ್ಚಾಗಿ ಈಜಿಯೇ ದಾಟುತ್ತವೆ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲ ಎಂದೂ ಅವನು ಸೇರಿಸಿದ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಡದ್ದೂ ಅದನ್ನೇ. ಎಂಟು ಹತ್ತು ಅಡಿ ಅಗಲದ, ಚರ್ಮ ಹೊದಿಸಿದ ಬುಟ್ಟಿ. ಜನಕ್ಕೂ ಸರಕಿಗೂ ತಕ್ಕಮಟ್ಟಿಗೆ ಭದ್ರ. ದನಗಳಿಗೆ ಮಾತ್ರ ಈಜುವುದೇ ಗತಿ. ಇಬ್ಬರ ನಡುವೆ ಸುಮಾರು ಇನ್ನೂರ ಎಂಬತ್ತು ವರ್ಷದ ಅಂತರವಿದೆ. ದೋಣಿ ಒಂದಿಷ್ಟೂ ಬದಲಾಗಿರಲಿಲ್ಲ.

ಬದಲಾಗದೆ ಉಳಿಯಲು ಕಾರಣವಿತ್ತು. ಇದರಲ್ಲಿ ಬೇಗ ಕೆಡುವ ಭಾಗ ಒಂದೇ, ಹೊರಗಿನ ತೊಗಲು. ಅದನ್ನು ಬಿಚ್ಚಿ ಹೊಸದು ಹಾಕಬಹುದು, ಒಳಗಿನ ಬುಟ್ಟಿ ಹಾಗೇ ಉಳಿಯುತ್ತದೆ. ತೊಗಲಿನ ಕಷ್ಟ ಎರಡು. ನೀರಲ್ಲೇ ಬಿಟ್ಟರೆ ನೆನೆದು ಮೆತ್ತಗಾಗಿ ಕೊಳೆಯುತ್ತದೆ. ಬಿಸಿಲಲ್ಲೇ ಬಿಟ್ಟರೆ ಸೆಟೆದು ಬಿರಿಯುತ್ತದೆ. ಹಾಗಾಗಿ ಅಂಬಿಗನ ದಿನಚರಿಯಲ್ಲಿ ಹುಟ್ಟು ಹಾಕುವುದು ಅರ್ಧ ಕೆಲಸ. ಉಳಿದರ್ಧ ದೋಣಿಯನ್ನು ಮೇಲೆಳೆದು ಡಬ್ಬು ಹಾಕಿ ಒಣಗಿಸುವುದು, ಹದ ತಪ್ಪುವ ಮೊದಲು ನೆರಳಿಗೆ ಸೇರಿಸುವುದು, ತೂತು ಬಿದ್ದಲ್ಲಿ ತೇಪೆ ಹಾಕುವುದು. ಡಬ್ಬು ಹಾಕುವುದರಲ್ಲೇ ಒಂದು ಜಾಣ್ಮೆಯಿದೆ. ಬೋರಲು ಬಿದ್ದ ಹರಿಗೋಲಿನಲ್ಲಿ ನೆಲಕ್ಕೆ ತಾಗುವುದು ದಪ್ಪಗೆ ಹೆಣೆದ ಬಿದಿರಿನ ಅಂಚು. ನೀರನ್ನು ತಡೆಯಬೇಕಾದ ತೊಗಲು ಆಕಾಶಕ್ಕೆ ಮುಖ ಮಾಡಿರುತ್ತದೆ. ಕಲ್ಲು, ಮರಳು, ಒದ್ದೆ ಮಣ್ಣು ಯಾವುದೂ ಅದನ್ನು ಮುಟ್ಟುವುದಿಲ್ಲ. ಟ್ರೇಲರಿನ ಹಲಗೆ ಮಾಡುವ ಕೆಲಸವನ್ನು ಇಲ್ಲಿ ದೋಣಿಯ ಅಂಚೇ ಮಾಡುತ್ತಿತ್ತು.

ಸಾಗಿಸುವುದಕ್ಕೂ ಚಕ್ರ ಬೇಕಿರಲಿಲ್ಲ. ಚಿಕ್ಕ ಹರಿಗೋಲನ್ನು ಒಬ್ಬನೇ ಬೆನ್ನ ಮೇಲೆ ಬೋರಲು ಹೊತ್ತು ನಡೆಯುತ್ತಾನೆ. ದೂರದಿಂದ ನೋಡಿದರೆ ಎರಡು ಕಾಲು ಮೂಡಿದ ದೊಡ್ಡ ಆಮೆಯೊಂದು ದಡ ಹತ್ತಿದಂತೆ ಕಾಣುತ್ತದೆ. ಹೊಳೆಯ ಹರಿವು ದೋಣಿಯನ್ನು ಕೆಳಗೆ ಎಳೆದೊಯ್ಯುವುದರಿಂದ, ಆಚೆ ದಡ ಮುಟ್ಟಿದ ಮೇಲೆ ಅದನ್ನು ಹೊತ್ತು ಮೇಲಕ್ಕೆ ನಡೆದು ಮತ್ತೆ ನೀರಿಗಿಳಿಸುವುದು ಸುಲಭದ ದಾರಿಯಾಗಿತ್ತು.

ಇದು ನಮ್ಮ ನೆಲದ ಕಾಣಿಕೆ ಮಾತ್ರವಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿಗೆ ಬರುವ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಮರದ ಬಳುಕು ಕೊಂಬೆಗಳ ಚೌಕಟ್ಟು, ಹೊರಗೆ ತೊಗಲು, ಒಳಗೆ ಸರಕಿನ ಜೊತೆ ಒಂದು ಕತ್ತೆ. ಊರು ತಲುಪಿದ ಮೇಲೆ ಸರಕನ್ನೂ ಚೌಕಟ್ಟನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ವ್ಯಾಪಾರಿ ನಡೆದು ಊರಿಗೆ ಮರಳುತ್ತಿದ್ದ. ಹೊಳೆಯ ರಭಸಕ್ಕೆ ಎದುರಾಗಿ ಹುಟ್ಟು ಹಾಕುವಂತಿರಲಿಲ್ಲ. ದೋಣಿಯಲ್ಲಿ ಯಾವುದು ಬೆಲೆಯುಳ್ಳದ್ದು, ಯಾವುದು ಬಿಟ್ಟು ಬರಬಹುದಾದದ್ದು ಎಂಬ ಲೆಕ್ಕ ಅಲ್ಲಿ ನಮ್ಮದಕ್ಕೆ ತಿರುಗುಮುರುಗು. ಬಹುಶಃ ಅಲ್ಲಿ ಮರಕ್ಕೆ ಗಿರಾಕಿಯಿತ್ತು. ಎರೆ ನೆಲದಲ್ಲಿ ಬಿದಿರು ಬೆಳೆಯುವುದಿಲ್ಲ. ಅದು ಪಡುವಣದ ಕಾಡಿನ ಕಡೆಯಿಂದ ಬರಬೇಕು. ದನಕರುಗಳಿಗೆ ಮಾತ್ರ ಇಲ್ಲಿ ಕೊರತೆಯಿಲ್ಲ. ಹೀಗಿರುವಾಗ ಬುಟ್ಟಿಯನ್ನು ಉಳಿಸಿಕೊಂಡು ತೊಗಲನ್ನು ಬದಲಿಸುವುದೇ ಹೊಳೆಸಾಲಿನವರಿಗೆ ಲಾಭ.

ಒಂದು ಹರಿಗೋಲು ನೀರಿಗಿಳಿಯಬೇಕಾದರೆ ಮೂರು ಕಸುಬಿನವರ ಕೈ ಕೂಡಬೇಕಿತ್ತು: ಬಿದಿರು ಹೆಣೆಯುವ ಮೇದಾರರದು, ತೊಗಲು ಹದ ಮಾಡಿ ಹೊಲಿಯುವವರದು, ಹೊಳೆಯನ್ನು ಬಲ್ಲ ಅಂಬಿಗರದು. ಬಸವಣ್ಣ ಹುಟ್ಟಿದ ನೆಲವಾದ ಬಾಗೇವಾಡಿಯ ಸೀಮೆಯಲ್ಲಿ ಈ ಮಾತಿಗೆ ಬೇರೆಯದೇ ತೂಕ ಬರುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಈ ಮೂರೂ ಕಸುಬಿನವರಿದ್ದರು. ಮೇದಾರ ಕೇತಯ್ಯ, ಪಾದರಕ್ಷೆ ಹೊಲಿಯುವ ಹರಳಯ್ಯ, ತುಂಗಭದ್ರೆಯ ದಂಡೆಯ ಚೌಡದಾನಪುರದ ಹೆಸರಿನೊಂದಿಗೆ ಬೆಸೆದುಕೊಂಡ ಅಂಬಿಗರ ಚೌಡಯ್ಯ. ಕಾಯಕವನ್ನು ಹಿರಿದಾಗಿ ಕಂಡ ಆ ಬಳಗದಲ್ಲಿ ಒಂದು ದೋಣಿಗೆ ಬೇಕಾದ ಕೈಗಳೆಲ್ಲ ಇದ್ದವು ಎಂಬುದನ್ನು ಯಾಕೋ ನಾವು ಜೋಡಿಸಿ ನೋಡಿಲ್ಲ. ಜನವರಿ 21ರಂದು ಸರ್ಕಾರ ಚೌಡಯ್ಯನ ಜಯಂತಿ ಆಚರಿಸುತ್ತದೆ. ಅವನ ವಚನದ ಕಟುನುಡಿಯನ್ನು ಎಲ್ಲರೂ ನೆನೆಯುತ್ತಾರೆ, ಅವನು ನಡೆಸಿದ ದೋಣಿ ಹೇಗಿದ್ದಿರಬಹುದು ಎಂದು ಕೇಳುವವರು ಕಡಿಮೆ.

ದೋಣಿ ನೆಲದ ಮೇಲೆ ಸಾಗುವ ಕಥೆ ಯುದ್ಧದಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ದಖ್ಖನಿನ ಇತಿಹಾಸವೆಂದರೆ ಹೊಳೆ ದಾಟಿದ ಮತ್ತು ದಾಟಲಾಗದ ಸೈನ್ಯಗಳ ಇತಿಹಾಸ. 1520ರ ರಾಯಚೂರು ಯುದ್ಧದಲ್ಲಿ ವಿಜಯನಗರಕ್ಕೆ ಸೋತ ವಿಜಯಪುರದ ಸೈನ್ಯ ಹಿಂದೆ ಸರಿಯುತ್ತ ಕೃಷ್ಣೆಗೆ ಬಿದ್ದು ಅಪಾರ ಸಾವು ಕಂಡಿತು. 1565ರ ಜನವರಿಯಲ್ಲಿ ಪಾತ್ರಗಳು ಅದಲುಬದಲಾದವು. ಸುಲ್ತಾನರ ಪಡೆಗಳು ತಾಳಿಕೋಟೆಯ ಬಯಲಲ್ಲಿ ಬೀಡುಬಿಟ್ಟು ಕೃಷ್ಣೆಯ ದಂಡೆಗೆ ಬಂದಾಗ, ಆಚೆ ದಡದ ಕಾಲುದಾಟುಗಳನ್ನು ವಿಜಯನಗರದ ರಾಮರಾಯನ ಸೈನ್ಯ ಕಾಯುತ್ತಿತ್ತು. ಬೇರೆಡೆ ದಾಟುವವರಂತೆ ಸುಲ್ತಾನರು ದಂಡೆಗುಂಟ ಸಾಗಿ ಕಾವಲುಪಡೆಯನ್ನು ತಮ್ಮ ಹಿಂದೆ ಸೆಳೆದರು. ಆಮೇಲೆ ಥಟ್ಟನೆ ತಿರುಗಿ ಬಂದು ಬರಿದಾದ ಕಾಲುದಾಟಿನಲ್ಲೇ ಇಳಿದರು ಎಂದು ಇತಿಹಾಸಕಾರ ಫಿರಿಸ್ತಾ ಬರೆಯುತ್ತಾನೆ. ರಕ್ಕಸಗಿ–ತಂಗಡಗಿ ಯುದ್ಧ ಎಂದು ಕರೆಯುವ ಆ ಕಾಳಗದ ಹೆಸರಿನಲ್ಲಿರುವ ತಂಗಡಗಿ ಮುದ್ದೇಬಿಹಾಳ ತಾಲೂಕಿನ ಹೊಳೆದಂಡೆಯ ಊರು. ಜನವರಿಯಲ್ಲಿ ಹೊಳೆ ಇಳಿದಿತ್ತು, ದಾಟಲು ದೋಣಿ ಬೇಕಾಗಲಿಲ್ಲ. ಅದೇ ಕಾಳಗ ಆಷಾಢದಲ್ಲಿ ನಡೆದಿದ್ದರೆ ಗೆಲುವು ಯಾರ ಬಳಿ ಎಷ್ಟು ಹರಿಗೋಲು ಇವೆ ಎಂಬುದರ ಮೇಲೆ ನಿಲ್ಲುತ್ತಿತ್ತು.

ಹೈದರಾಲಿ ಈ ಲೆಕ್ಕವನ್ನು ಮರೆಯಲಿಲ್ಲ. ಅವನ ಸೈನ್ಯದಲ್ಲಿದ್ದ ಫ್ರೆಂಚ್ ಅಧಿಕಾರಿ ದ ಲಾ ತೂರ್ ಬರೆದಂತೆ, ದಂಡಿನ ಜೊತೆ ಬುಟ್ಟಿದೋಣಿಗಳೂ ಸಾಗುತ್ತಿದ್ದವು. ಇಬ್ಬರು ಬಿದಿರ ಚೌಕಟ್ಟನ್ನು ಹೊರುವರು, ಇನ್ನಿಬ್ಬರು ತೊಗಲನ್ನು. ಹೊಳೆ ಸಿಕ್ಕ ಕೂಡಲೇ ಎರಡನ್ನೂ ಕೂಡಿಸಿದರೆ ಕಾಲು ಗಂಟೆಯಲ್ಲಿ ದೋಣಿ ತಯಾರು. ಇಪ್ಪತ್ತೈದು ಜನ ಅಥವಾ ಒಂದು ಫಿರಂಗಿ ಅದರಲ್ಲಿ ದಾಟಬಲ್ಲದು. ಹೈದರನ ಮಗ ಟಿಪ್ಪುವನ್ನು ಸೋಲಿಸಿದ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಈ ಪಾಠವನ್ನು ಇಲ್ಲಿಂದಲೇ ಕಲಿತ. 1800ರಲ್ಲಿ ಧೋಂಡಿಯ ವಾಘನ ಬೆನ್ನಟ್ಟಿ ತುಂಗಭದ್ರೆ, ಮಲಪ್ರಭೆಗಳ ಮುಂದೆ ಸೈನ್ಯ ನಿಲ್ಲಿಸಬೇಕಾಗಿ ಬಂದ ಮೇಲೆ, 1803ರ ಮರಾಠ ಯುದ್ಧದ ಹೊತ್ತಿಗೆ ಚರ್ಮ ಹೊದಿಸಿದ ಬುಟ್ಟಿದೋಣಿಗಳನ್ನು ಮಾಡಿಸಿಡಲು ಅವನು ಕೊಟ್ಟ ಆದೇಶಗಳು ಅವನ ಪತ್ರಗಳಲ್ಲಿ ಅಚ್ಚಾಗಿವೆ. ಹನ್ನೆರಡು ವರ್ಷಗಳ ನಂತರ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿಗೆ ನಮ್ಮ ಮೇದಾರರ ಹೆಣಿಗೆಯ ಬೆಲೆ ಗೊತ್ತಿತ್ತು.

ಭೀಮೆಯ ಕಡೆ ಹಲಗೆ ದೋಣಿಯ ಬಳಕೆಯೂ ಉಂಟು. ಇಂಡಿ, ಸಿಂದಗಿಯ ಭಕ್ತರು ಆಷಾಢ ಏಕಾದಶಿಗೆ ಹೋಗುವ ಪಂಢರಪುರದಲ್ಲಿ ಇದೇ ಹೊಳೆಗೆ ಚಂದ್ರಭಾಗೆ ಎಂದು ಹೆಸರು. ಅಲ್ಲಿ ಕೋಳಿ ಸಮುದಾಯದವರು ಮರದ ದೋಣಿಗಳಲ್ಲಿ ಯಾತ್ರಿಕರನ್ನು ದಾಟಿಸುತ್ತ ಬಂದಿದ್ದಾರೆ. ಹಲಗೆಯ ದೋಣಿಯನ್ನು ಯಾರೂ ಬೆನ್ನ ಮೇಲೆ ಹೊರಲಾರರು. ಅದನ್ನು ದಡಕ್ಕೆ ಎಳೆಯಬೇಕು, ಎಳೆದಾಗ ತಳ ಉಜ್ಜುತ್ತದೆ. ಈ ಕಷ್ಟಕ್ಕೆ ಪೂರ್ತಿ ಉತ್ತರ ಹುಡುಕಿದವರು ಕರಾವಳಿಯವರು.

ಕೆನರಾ ಕಡಲತಡಿಯಲ್ಲಿ ದೋಣಿಯನ್ನು ಮರಳ ಮೇಲೆ ಎಳೆಯುವಾಗ ಅಡಿಗೆ ಮರದ ದಿಮ್ಮಿಗಳನ್ನು ಅಡ್ಡಲಾಗಿ ಹಾಕುತ್ತಾರೆ. ದೋಣಿ ಮುಂದೆ ಸರಿದಂತೆ ಹಿಂದೆ ಉಳಿದ ದಿಮ್ಮಿಯನ್ನು ಎತ್ತಿ ಮುಂದಕ್ಕೆ ಇಡುವುದು, ಇಡೀ ಗುಂಪು ಒಂದೇ ದನಿಯಲ್ಲಿ ಕೂಗಿ ಒಂದೇ ಸಲ ತಳ್ಳುವುದು. ಮಳೆಗಾಲಕ್ಕೆ ದೋಣಿ ಮೇಲೇರಿತೆಂದರೆ ತಳದ ಚಾಕರಿ ಶುರು. ತಳ ಕೆರೆದು, ಸಂದುಗಳಿಗೆ ನಾರು ತುಂಬಿ, ಬೂತಾಯಿ ಮೀನಿನ ಎಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದರು. ಮರ ಕೊರೆಯುವ ಹುಳಕ್ಕೆ ಈ ಎಣ್ಣೆಗಳು ಸೇರುವುದಿಲ್ಲ. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ಸರ್ಕಾರದ ನಿಷೇಧವಿದೆ. ಮಲ್ಪೆ, ಮಂಗಳೂರು, ಗಂಗೊಳ್ಳಿಗಳಲ್ಲಿ ಆ ಎರಡು ತಿಂಗಳು ದೋಣಿ ಮೀನಿಗೆ ಹೋಗುವುದಿಲ್ಲ, ಬಡಗಿಗಳ ಕೈಗೆ ಹೋಗುತ್ತದೆ. ಕಾನೂನು ಬರುವ ಮುಂಚೆಯೂ ಮಳೆಗಾಲದ ಕಡಲೇ ಆ ರಜೆ ಕೊಡುತ್ತಿತ್ತು. ಒಳನಾಡಿನ ಹೊಳೆಗಳಿಗೆ ಇಂಥ ರಜೆಯ ಪದ್ಧತಿ ಬರಲಿಲ್ಲ. ಇಲ್ಲಿ ಮಳೆಗಾಲವೇ ಕಡವಿನ ದುಡಿಮೆಯ ಕಾಲ.

ಬ್ರಿಟಿಷರ ಕಾಲಕ್ಕೆ ಕಡವು ಸರ್ಕಾರದ ಲೆಕ್ಕಕ್ಕೆ ಬಂತು. 1868ರ ಮುಂಬಯಿ ಕಾಯಿದೆಯೊಂದು ಇಲಾಖೆಯ ಹೊಳೆಗಳ ಕಡವುಗಳನ್ನು ಆಡಳಿತದ ಹಿಡಿತಕ್ಕೆ ತಂದಿತು. ದಾಟಿಸುವ ಹಕ್ಕು ಗುತ್ತಿಗೆಗೆ ಹೋಗತೊಡಗಿತು. ಆಗ ಈ ಸೀಮೆಯ ಜಿಲ್ಲಾ ಕೇಂದ್ರ ಕಲಾದಗಿ. 1885ರಲ್ಲಿ ಅದು ವಿಜಯಪುರಕ್ಕೆ ಬದಲಾಯಿತು. ಅದೇ ಹೊತ್ತಿಗೆ ಹೋಟಗಿ–ಗದಗ ರೈಲುಮಾರ್ಗ ಆಲಮಟ್ಟಿ–ಸೀತಿಮನಿ ನಡುವೆ ಕೃಷ್ಣೆಯನ್ನು ಸೇತುವೆಯ ಮೇಲೆ ದಾಟಿತು. ವ್ಯಾಪಾರಿಗಳ ಹತ್ತಿ, ಜೋಳ ರೈಲು ಹತ್ತಿದವು. ಆದರೂ ಸೇತುವೆಯಿಂದ ದೂರವಿದ್ದ ಹಳ್ಳಿಗಳಿಗೆ ಹರಿಗೋಲೇ ಗತಿಯಾಗಿ ಉಳಿಯಿತು. ಅಂಬಿಗನಿಗೆ ಕೊಡುತ್ತಿದ್ದ ಕೂಲಿಯೂ ಎಷ್ಟೋ ಕಡೆ ಸುಗ್ಗಿಯಲ್ಲಿ ಕಾಳಿನ ರೂಪದಲ್ಲೇ ಸಂದಾಯವಾಗುತ್ತಿತ್ತು.

ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ 1933ರಲ್ಲಿ ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆ ಲಂಡನ್ನಿನ ‘ಮ್ಯಾನ್’ ಪತ್ರಿಕೆಗೆ ಬರೆದ. ಜಗತ್ತಿನ ದೋಣಿಗಳನ್ನೆಲ್ಲ ಅಳೆದು ಬರೆದಿಟ್ಟ ಆತ ನಮ್ಮ ಬುಟ್ಟಿದೋಣಿಯನ್ನು ಯೂಫ್ರಟಿಸ್, ಟೈಗ್ರಿಸ್ ಹೊಳೆಗಳ ದುಂಡು ದೋಣಿಗಳ ಪಕ್ಕ ಇಟ್ಟು ನೋಡಿದ. ಹರಿಗೋಲಿನ ಕಟ್ಟಣೆಯನ್ನು ಇಷ್ಟು ಕಾಳಜಿಯಿಂದ ದಾಖಲಿಸುವ ಕೆಲಸಕ್ಕೆ ಹೊರಗಿನವನೊಬ್ಬ ಬರಬೇಕಾಯಿತು ಎಂಬುದು ನೋವಿನ ಸಂಗತಿ. ಹೊಳೆಸಾಲಿನ ಊರುಗಳ ಚರಿತ್ರೆ ಬರೆದವರು ದೇಸಗತಿ, ದೇವಸ್ಥಾನ, ಶಾಸನ ಎಲ್ಲವನ್ನೂ ಬರೆದರು. ಆ ಊರಿಗೆ ವರ್ಷದ ನಾಲ್ಕು ತಿಂಗಳು ಜನ ಬರುತ್ತಿದ್ದ ಏಕೈಕ ವಾಹನವನ್ನು ಬಿಟ್ಟರು.

ಹಾರ್ನೆಲ್ ಕಂಡ ತೊಗಲು ಈಗಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದರ ಜಾಗಕ್ಕೆ ಪ್ಲಾಸ್ಟಿಕ್ ಬಂತು. ರಸಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದು, ಬುಟ್ಟಿಯ ಹೊರಮೈಗೆ ಹೊದಿಸಿ, ಮೇಲೆ ಕಾಸಿದ ಡಾಂಬರು ಬಳಿದರೆ ಆಯಿತು. ಇದು ಸಣ್ಣ ಬದಲಾವಣೆಯಲ್ಲ. ಡಾಂಬರು ಬಳಿದ ಚೀಲ ನೀರಲ್ಲಿ ಕೊಳೆಯುವುದಿಲ್ಲ. ದಿನವೂ ಒಣಗಿಸುವ ಕೆಲಸ ತಪ್ಪಿತು. ತೊಗಲಿನ ಕಸುಬಿನವರ ಕೈ ದೋಣಿಯಿಂದ ಹೊರಗಾಯಿತು, ಅವರ ಜಾಗಕ್ಕೆ ರಸ್ತೆಯ ಕೆಲಸದ ಡಾಂಬರು ಬಂತು. ಹಾಗೆಂದು ದಡದ ಚಾಕರಿ ಮುಗಿಯಲಿಲ್ಲ. ಬಿರುಬಿಸಿಲಿಗೆ ಡಾಂಬರು ಕರಗಿ ಇಳಿಯುತ್ತದೆ, ಚಳಿಗೆ ಒಡೆಯುತ್ತದೆ, ಕಲ್ಲಿನ ಮೇಲೆ ಎಳೆದರೆ ಕಿತ್ತುಬರುತ್ತದೆ. ಮಳೆಗಾಲದ ಮುಂಚೆ ಹೊಸ ಬಳಿತ ಬೇಕೇ ಬೇಕು. ಆನಂತರ ಬಂದದ್ದು ಫೈಬರಿನ ಹರಿಗೋಲು. ಒಳನಾಡು ಮೀನುಗಾರರಿಗೆ ಮೀನುಗಾರಿಕೆ ಇಲಾಖೆ ಇದನ್ನು ಸಹಾಯಧನದ ಯೋಜನೆಗಳಲ್ಲಿ ಕೊಡುತ್ತ ಬಂದಿದೆ. ಆಕಾರ ಅದೇ ದುಂಡು, ಹೆಣಿಗೆ ಇಲ್ಲ. ಅಲ್ಲಿಗೆ ಮೇದಾರರ ಕೈಯೂ ಹೊರಗಾಯಿತು. ಮೂರು ಕಸುಬಿನ ದೋಣಿಯಲ್ಲಿ ಈಗ ಉಳಿದದ್ದು ಅಂಬಿಗ ಒಬ್ಬನೇ.

ಈ ನಡುವೆ ಹೊಳೆಯೇ ಬೇರೆಯಾಯಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಕೆಲವೇ ದಿನಗಳಲ್ಲಿ ಅವರು ದೇಶದ ಪ್ರಧಾನಿಯಾದರು, ಜಲಾಶಯಕ್ಕೆ ಮುಂದೆ ಅವರದೇ ಹೆಸರು ಬಂತು. ಕೆಳಗೆ ನಾರಾಯಣಪುರದಲ್ಲಿ 1982ರ ಹೊತ್ತಿಗೆ ಬಸವಸಾಗರ ತುಂಬತೊಡಗಿತ್ತು. ಆಲಮಟ್ಟಿಯಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲುತ್ತದೆ. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ಎರಡು ಜಲಾಶಯಗಳ ಹಿನ್ನೀರಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳು, ಹಳೆಯ ಬಾಗಲಕೋಟೆಯ ಒಂದು ಭಾಗ, ಲೆಕ್ಕವಿಲ್ಲದಷ್ಟು ಹಳೆಯ ಕಡವುಗಳು ಮುಳುಗಿದವು. ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಮಂಟಪವನ್ನು ಉಳಿಸಲು ಸುತ್ತ ಬಾವಿಯಂಥ ಗೋಡೆ ಕಟ್ಟಬೇಕಾಯಿತು. ಬೇಸಿಗೆಯಲ್ಲಿ ನಡೆದೇ ದಾಟುತ್ತಿದ್ದ ಹೊಳೆ ವರ್ಷವಿಡೀ ನಿಂತ ನೀರಾಯಿತು. ಕೋಲ್ಹಾರದ ಮಡಿಕೆ ಮೊಸರು ಕೊರ್ತಿ–ಕೋಲ್ಹಾರದ ಉದ್ದನೆಯ ಸೇತುವೆಯ ಮೇಲೆ ಬಸ್ಸು ಹತ್ತಿ ಹೋಗುತ್ತದೆ. ಕಾಲುದಾಟು ಎಂಬುದೇ ಈ ಭಾಗದ ಮಕ್ಕಳಿಗೆ ಕಥೆಯ ಮಾತು.

ಸೇತುವೆ ತಲುಪದ ಕಡೆ ಬದುಕು ಹಳೆಯ ಲೆಕ್ಕದಲ್ಲೇ ನಡೆಯಿತು. ನಾರಾಯಣಪುರ ಜಲಾಶಯದ ಕೆಳಗೆ ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಿದೆ. 2014ರ ಮಳೆಗಾಲದಲ್ಲಿ ಹೊಳೆ ತುಂಬಿ ಅಂಬಿಗರು ತೆಪ್ಪ ಇಳಿಸಲು ಹೆದರಿದಾಗ, ಅಲ್ಲಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಜೊತೆ ಈಜಿ ದಡ ಸೇರಿದರು. ನಾಡೆಲ್ಲ ಅವರ ಧೈರ್ಯವನ್ನು ಮೆಚ್ಚಿತು. ಮೆಚ್ಚುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿತ್ತು: ಅಂಥ ಹೊಳೆಗೆ ಇಳಿಯಬಲ್ಲ ಗಟ್ಟಿ ದೋಣಿ ಆ ದಿನ ಹತ್ತಿರದ ದಡದಲ್ಲಿ ಯಾಕಿರಲಿಲ್ಲ?

ಅಂಥ ಗಟ್ಟಿ ದೋಣಿ ಎಂದರೆ ಯಂತ್ರದ ದೋಣಿ, ಅದರ ಜೊತೆಗೆ ಟ್ರೇಲರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಅಲ್ಯೂಮಿನಿಯಂ ಮತ್ತು ಫೈಬರಿನ ಹಗುರ ದೋಣಿಗಳು ಸಾಮಾನ್ಯರ ಕೈಗೆ ಸಿಕ್ಕವು. ದೋಣಿಯನ್ನು ಮನೆಯಂಗಳದಲ್ಲಿ ಇಟ್ಟು, ರಜೆಗೆ ಕಾರಿನ ಹಿಂದೆ ಕಟ್ಟಿ ಕೆರೆಗೆ ಒಯ್ಯುವ ರೂಢಿಯೊಡನೆ ಟ್ರೇಲರು ಬೆಳೆಯಿತು. ನಮ್ಮಲ್ಲಿ ಅದು ಬಂದದ್ದು ಜಲಾಶಯದ ದೋಣಿವಿಹಾರಕ್ಕೆ, ಪ್ರವಾಹ ರಕ್ಷಣೆಗೆ. ಕಬ್ಬಿಣದ ಚೌಕಟ್ಟಿನ ಮೇಲೆ ದೋಣಿಯ ಉದ್ದಕ್ಕೂ ಎರಡು ಅಥವಾ ನಾಲ್ಕು ಮರದ ಪಟ್ಟಿ, ಅವುಗಳಿಗೆ ಸುತ್ತಿದ ಕಾರ್ಪೆಟ್ಟು. ಕಬ್ಬಿಣದ ಮೇಲೆ ನೇರ ಕೂರಿಸಿದರೆ ದೋಣಿಯ ತಳ ಗೀರುತ್ತದೆ, ರಸ್ತೆಯ ಕುಲುಕಾಟಕ್ಕೆ ತಗ್ಗುತ್ತದೆ. ಮರ ಕೊಂಚ ಬಳುಕುತ್ತದೆ, ಭಾರವನ್ನು ಉದ್ದಕ್ಕೂ ಹಂಚುತ್ತದೆ. ದಿಮ್ಮಿಯ ಮೇಲೆ ದೋಣಿ ಎಳೆದ ಕರಾವಳಿಯವರ ತಿಳಿವಳಿಕೆ ಇದೇ; ಚಕ್ರ ಮಾತ್ರ ಹೊಸತು.

ತೊಗಲಿನ ಶತ್ರುಗಳೇ ಈ ಹಲಗೆಗೂ ಶತ್ರುಗಳು. ದೋಣಿಯನ್ನು ನೀರಿಗಿಳಿಸುವಾಗ ಟ್ರೇಲರನ್ನೂ ನೀರೊಳಗೆ ಹಿಂದಕ್ಕೆ ನಡೆಸಬೇಕು, ಹಲಗೆ ಮುಳುಗುತ್ತದೆ. ಮೇಲೆ ಬಂದ ಮೇಲೆ ಕಾರ್ಪೆಟ್ಟು ಒದ್ದೆಯನ್ನು ಹಿಡಿದಿಡುತ್ತದೆ, ದೋಣಿ ಮೇಲೆ ಕುಳಿತಿರುವುದರಿಂದ ಗಾಳಿ ಆಡುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿ, ಒಳಗೆ ಮರ ಪುಡಿಯಾಗುತ್ತಿರುತ್ತದೆ. ತುಕ್ಕು ಹಿಡಿದ ಬೋಲ್ಟಿನ ತಲೆ ಮೇಲಕ್ಕೆದ್ದರೆ ಅದು ದೋಣಿಯ ತಳಕ್ಕೇ ಚುಚ್ಚುತ್ತದೆ. ಕಾರ್ಪೆಟ್ಟಿನಲ್ಲಿ ಸೇರಿಕೊಂಡ ಹೊಳೆಮರಳು ಉಪ್ಪುಕಾಗದವಾಗಿ ತಳವನ್ನು ಉಜ್ಜುತ್ತದೆ. ಮಹಾಪೂರದ ನಡುರಾತ್ರಿ ದೋಣಿ ಬೇಕಾದಾಗ ಹಲಗೆ ಮುರಿದಿದ್ದರೆ ಇಂಜಿನ್ ಎಷ್ಟು ಬಲದ್ದಾದರೂ ಉಪಯೋಗವಿಲ್ಲ.

ಬದಲಿಸುವುದು ಊರ ಬಡಿಗನ ಕೈಯಲ್ಲೇ ಆಗುವ ಕೆಲಸ. ದೋಣಿಯನ್ನು ಇಳಿಸಿ, ಹಳೆಯ ಹಲಗೆ ಬಿಚ್ಚಿ, ಅದನ್ನೇ ಅಳತೆಗೆ ಇಟ್ಟುಕೊಂಡು ಹೊಸದು ಕೊಯ್ಯಬೇಕು. ಒಂದು ಸಲಕ್ಕೆ ಒಂದೇ ಪಟ್ಟಿ ಬದಲಿಸಿದರೆ ಎತ್ತರ, ಓರೆ ತಪ್ಪುವುದಿಲ್ಲ. ಮರದ ಆಯ್ಕೆಯಲ್ಲಿ ಎಚ್ಚರ ಬೇಕು. ಎರೆ ಸೀಮೆಯ ಬಡಿಗರಿಗೆ ಜಾಲಿ ಹತ್ತಿರದ ಮರ, ತಲೆಮಾರುಗಳಿಂದ ಬಂಡಿಯ ಗಾಲಿ ಅದರಿಂದಲೇ ಆಗಿವೆ. ಗಟ್ಟಿತನದಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಉದ್ದನೆಯ ನೆಟ್ಟ ಹಲಗೆ ಜಾಲಿಯಲ್ಲಿ ಸಿಗುವುದು ಅಪರೂಪ, ಒದ್ದೆ–ಒಣಗು ಸರದಿಗೆ ಅದು ಸೀಳುವುದೂ ಉಂಟು. ಒದ್ದೆಯನ್ನು ತಡೆಯುವ ಮಾತಿನಲ್ಲಿ ತೇಗವೇ ಮೇಲು, ದುಬಾರಿಯಾದರೂ. ಪೇಟೆಯಲ್ಲಿ ಸಿಗುವ, ತಾಮ್ರದ ಔಷಧಿ ಕುಡಿಸಿದ ಮರ ಬಾಳಿಕೆ ಬರುತ್ತದೆ. ಅಲ್ಯೂಮಿನಿಯಂ ದೋಣಿಗೆ ಮಾತ್ರ ಅದು ಆಗದು, ತಾಮ್ರ ತಾಗಿದ ಅಲ್ಯೂಮಿನಿಯಂ ಒದ್ದೆಯಲ್ಲಿ ತಿಂದುಹೋಗುತ್ತದೆ. ಕೊಯ್ದ ತುದಿಗಳಿಗೆ ಎಣ್ಣೆಯನ್ನೋ ಬಣ್ಣವನ್ನೋ ಕುಡಿಸಬೇಕು, ನೀರು ಮೊದಲು ನುಗ್ಗುವುದು ಅಲ್ಲಿಂದಲೇ. ಬೋಲ್ಟು ತುಕ್ಕು ಹಿಡಿಯದ್ದಿರಲಿ, ಅದರ ತಲೆ ಹಲಗೆಯ ಮೈಯೊಳಗೆ ಇಳಿದು ಕೂರಲಿ. ಕಾರ್ಪೆಟ್ಟನ್ನು ಹಲಗೆಯ ಕೆಳಮೈ ಪೂರ್ತಿ ಮುಚ್ಚದಂತೆ ಹೊಡೆದರೆ ನೀರು ಇಳಿದುಹೋಗಲು ದಾರಿ ಉಳಿಯುತ್ತದೆ.

ಇಷ್ಟೆಲ್ಲ ಹೇಳಿದರೂ ಹರಿಗೋಲಿನ ಅಂಬಿಗ ಇದರಲ್ಲಿ ಹೊಸದೇನೂ ಕಾಣಲಾರ. ಒಣಗಲು ಬಿಡು, ಕೆಟ್ಟ ಭಾಗವನ್ನು ಮಾತ್ರ ಬದಲಿಸು, ನೀರು ತಡೆಯುವ ಮೈಗೆ ಕಲ್ಲು ತಾಗಿಸಬೇಡ, ಮಳೆಗೆ ಮುಂಚೆ ಒಮ್ಮೆ ಎಲ್ಲ ನೋಡಿಕೋ. ಅವನ ಅಜ್ಜನಿಗೂ ಇದು ತಿಳಿದಿತ್ತು. ವ್ಯತ್ಯಾಸ ಒಂದೇ: ಹರಿಗೋಲು ಅಂಬಿಗನ ಸ್ವಂತದ್ದು, ಅದು ಕೆಟ್ಟರೆ ಅಂದಿನ ಊಟ ಕೆಡುತ್ತಿತ್ತು. ರಕ್ಷಣಾ ದೋಣಿ ಎಲ್ಲರದು, ವರ್ಷದ ಹನ್ನೊಂದು ತಿಂಗಳು ಅದನ್ನು ಯಾರೂ ಮುಟ್ಟುವುದಿಲ್ಲ. ಹೊಳೆಸಾಲಿನ ಅಂಬಿಗ ಮನೆತನಗಳ ಯುವಕರಿಗೇ ಈ ದೋಣಿಗಳ ಉಸ್ತುವಾರಿಯನ್ನು ಕೂಲಿ ಕೊಟ್ಟು ಒಪ್ಪಿಸಿದರೆ ಹಳೆಯ ತಿಳಿವಳಿಕೆಗೂ ಹೊಸ ದೋಣಿಗೂ ಒಂದೇ ಕಡೆ ನೆಲೆ ಸಿಕ್ಕೀತು.

ಇನ್ನೊಂದು ಕೆಲಸ ಬಾಕಿಯಿದೆ. ತೊಗಲು ಹೊದಿಸಿದ ಹರಿಗೋಲು ಕಟ್ಟುವುದನ್ನು ಕಣ್ಣಾರೆ ಕಂಡ ತಲೆಮಾರು ಮುಗಿಯುತ್ತಿದೆ. ವಿಜಯಪುರದ ಗೋಳಗುಮ್ಮಟದ ಅಂಗಳದಲ್ಲಿ ವಸ್ತುಸಂಗ್ರಹಾಲಯವಿದೆ, ಆಲಮಟ್ಟಿಯಲ್ಲಿ ಪ್ರವಾಸಿಗರು ಸಾವಿರಗಟ್ಟಲೆ ಬರುವ ಉದ್ಯಾನಗಳಿವೆ. ಇವುಗಳಲ್ಲಿ ಒಂದು ಕಡೆಯಾದರೂ ಮೇದಾರರೊಬ್ಬರು ಹೆಣೆದ, ತೊಗಲು ಹೊಲಿದ ನಿಜವಾದ ಹರಿಗೋಲು ಇರಬೇಕು. ಅದನ್ನು ಹೆಣೆದು ಹೊಲಿಯುವಾಗ ಪ್ರತಿ ಹಂತವನ್ನೂ ಚಿತ್ರೀಕರಿಸಿ ಇಡಬೇಕು. ಹಳೆಯ ಅಂಬಿಗರು ಇನ್ನೂ ಇರುವಾಗಲೇ ತಂಗಡಗಿ, ಕೋಲ್ಹಾರ, ಭೀಮಾ ತೀರದ ಊರುಗಳ ಶಾಲೆಯ ಮಕ್ಕಳು ಅವರ ಬಳಿ ಕುಳಿತು ಕಡವಿನ ಹೆಸರು, ದೋಣಿಯ ಅಳತೆ, ಕೂಲಿಯ ಲೆಕ್ಕವನ್ನು ಬರೆದುಕೊಳ್ಳಲಿ. ಮತ್ತು ಮುಂಗಾರಿಗೆ ಮೊದಲು, ಮೇ ತಿಂಗಳ ಬಿಸಿಲಿರುವಾಗಲೇ, ತಾಲೂಕಿನ ದೋಣಿಗಳನ್ನು ಟ್ರೇಲರಿನಿಂದ ಕೆಳಗಿಳಿಸಿ ಹಲಗೆಗಳನ್ನು ಒಮ್ಮೆ ಚಾಕು ತುದಿಯಿಂದ ಒತ್ತಿ ನೋಡಲಿ. ಚಾಕು ಒಳಗಿಳಿದರೆ ಆ ಹಲಗೆಯನ್ನು ಅಂದೇ ಬದಲಿಸಲಿ.